ಮೂರನೆಯ ಬಟ್ಟಲು

ಮಿಯಾಪುರದ ಮೆಟ್ರೋ ಕಂಬದ ಬುಡದಲ್ಲಿ ಕೊಳೆಯುತ್ತ ಬಿದ್ದಿದ್ದ ಟೊಂಗೆಯೊಂದನ್ನು ಶೈಲಶ್ರೀ ಮನೆಗೆ ತಂದು ಊಟದ ಮೇಜಿನ ಮೇಲೆ ಇಟ್ಟು ಎರಡು ದಿನವಾಗಿತ್ತು. ಅದರ ಮೇಲೆ ಸಾಸಿವೆಕಾಳಿಗಿಂತ ಚಿಕ್ಕವಾದ ಹಳದಿ ಬಟ್ಟಲು ಅಣಬೆಗಳು, ಮೂರೇ ಮೂರು. ಫೋಟೋ ನೋಡಿದ ಪಿಎಚ್‌ಡಿ ಗೈಡ್ ಪದ್ಮನಾಭ ಸರ್, "ಎಲ್ಲಾ ಕಡೆ ಸಿಗೋ ಜಾತಿ, ಬಿಡಮ್ಮ," ಅಂದಿದ್ದರು. ಅಲ್ಲವೇ ಅಲ್ಲ, ತೆಲಂಗಾಣದಲ್ಲಿ ಇದನ್ನು ಯಾರೂ ಕಂಡಿಲ್ಲ ಎಂದು ಇವಳ ಹಟ. ಬರಿಗಣ್ಣಿಗೆ ಆ ಎರಡೂ ಜಾತಿ ಒಂದೇ. ಬಟ್ಟಲನ್ನು ಗಾಜುಗಳ ನಡುವೆ ಚಪ್ಪಟೆ ಮಾಡಿ, ಅಯೋಡಿನ್ ಹನಿ ಬಿಟ್ಟು, ಲ್ಯಾಬಿನಿಂದ ತಂದ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಬೀಜಕ ತುಂಬಿದ ಚೀಲಗಳ ತುದಿ ನೀಲಿಯಾದರೆ ಇವಳು ಗೆದ್ದಳು; ಇಲ್ಲವಾದರೆ ಸರ್.

ಮೊದಲ ಬಟ್ಟಲು ಹೆಬ್ಬೆರಳಿನ ಭಾರಕ್ಕೆ ಗಂಜಿಯಾಯಿತು. ಎರಡನೆಯದಕ್ಕೆ ಗಾಜೇ ಚಟ್ಟೆಂದಿತು.

"ನಿನ್ನ ರೊಟ್ಟಿನೂ ಹಿಂಗ ಹರೀತಾವ," ಎಂದರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಬಸಲಿಂಗಮ್ಮ. "ಮದಿವ್ಯಾಗಿ ಎರಡು ವರ್ಷ ಆತು, ಇನ್ನೂ ಕೈ ಹಗರ ಆಗಲಿಲ್ಲ. ಏಳು ಅತ್ಲಾಗ."

"ಅತ್ತಿ, ಇದೊಂದ ಉಳದೈತ್ರಿ!"

"ಅದಕ್ಕ ಏಳು ಅನ್ನಾಕತ್ತೀನಿ."

ಬೇಡ ಎನ್ನಲು ಶೈಲಶ್ರೀ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕುರ್ಚಿ ಹಿಡಿದಾಗಿತ್ತು. ಬೆರಳ ತುದಿಯಿಂದ ಮೆಲ್ಲಗೆ, ಸ್ಲೈಡನ್ನು ತಿರುಗಿಸುತ್ತ, ಮೂರನೆಯ ಬಟ್ಟಲಿನ ಮೇಲೆ ಮುಚ್ಚಿದ್ದ ಗಾಜಿನ ಸುತ್ತಲೂ ತಟ್ಟಿದರು. "ನಡುವ ಒತ್ತಿದ್ರ ಅಂಚು ಸೀಳತೈತಿ. ಯಾರೂ ಹೇಳಿಲ್ಲೇನು ನಿಮ್ಮ ಯುನಿವರ್ಸಿಟ್ಯಾಗ?"

ಶೈಲಶ್ರೀ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಚೀಲಗಳು ಒಂದಕ್ಕೊಂದು ಅಂಟದೆ ಬೀಸಣಿಗೆಯಂತೆ ಹರಡಿದ್ದವು. ಒಂದೊಂದರಲ್ಲೂ ಎಂಟೆಂಟು ಬೀಜಕ, ಎಣಿಸಿಕೊಳ್ಳಿ ಎನ್ನುವ ಹಾಗೆ. ಲ್ಯಾಬಿನಲ್ಲಿ ಇಂಥ ಸ್ಲೈಡ್ ಅವಳು ಕಂಡಿರಲಿಲ್ಲ. ಅಂಚಿಗೆ ಅಯೋಡಿನ್ ಬಿಟ್ಟಳು. ಕಾದಳು. ಒಂದು ತುದಿ, ಹತ್ತು ತುದಿ, ನಲವತ್ತು ತುದಿ. ನೀಲಿಯ ಸುಳಿವಿಲ್ಲ. ಅತ್ತೆ ಸ್ವಲ್ಪ ಕೆಟ್ಟದಾಗಿ ತಟ್ಟಿದ್ದರೂ ಇನ್ನೊಂದು ತಿಂಗಳು ವಾದಿಸಬಹುದಿತ್ತು. ಇಷ್ಟು ಸ್ವಚ್ಛ ಕಂಡ ಮೇಲೆ ಅನುಮಾನಕ್ಕೆ ನಿಲ್ಲಲೂ ಜಾಗವಿರಲಿಲ್ಲ.

"ಚಲೋ ಬಂದೈತೇನು?"

"ಭಾಳ ಚಲೋ ಬಂದೈತ್ರಿ, ಅತ್ತಿ," ಎಂದಳು, ಸೂಕ್ಷ್ಮದರ್ಶಕದಿಂದ ಕಣ್ಣೆತ್ತದೆ.

ಬಸಲಿಂಗಮ್ಮ ಆಗಲೇ ಹಿಮಾಯತ್‌ನಗರದ ತಂಗಿಗೆ ಫೋನ್ ಹಚ್ಚಿದ್ದರು. "ಸುಂದರಾ, ಪಿಎಚ್‌ಡಿದು ತಟ್ಟೂ ಕೆಲಸ ಎಲ್ಲಾ ನಂದ ನೋಡವಾ!"

ಶೈಲಶ್ರೀ ಚಿತ್ರ ತೆಗೆದು ಸರ್‌ಗೆ ಬರೆದಳು: 'ನೀಲಿ ಬರಲಿಲ್ಲ. ನಿಮ್ಮದೇ ಸರಿ.'

"ನನ್ನ ಹೆಸರು ಹಾಕಿದೇನು?" ಫೋನಿನ ಮೇಲೆ ಕೈ ಮುಚ್ಚಿ ಕೇಳಿದರು ಅತ್ತೆ.

ಶೈಲಶ್ರೀ ಹಲ್ಲು ಕಚ್ಚಿ ಇನ್ನೊಂದು ಸಾಲು ಸೇರಿಸಿದಳು: 'ಸ್ಲೈಡ್ ತಯಾರಿ: ಬಸಲಿಂಗಮ್ಮ.'