ಫೈಲಿನ ಒಡತಿ

ಏಪ್ರಿಲ್ ಬಂತೆಂದರೆ ತಾತ್ಕಾಲಿಕ ಅಧ್ಯಾಪಕರನ್ನು ಮನೆಗೆ ಕಳುಹಿಸುವುದು ನಂಜನಗೂಡಿನ ಆ ಖಾಸಗಿ ಕಾಲೇಜಿನ ಪದ್ಧತಿ. ಜೂನಿನಲ್ಲಿ ಮತ್ತೆ ಕರೆಯುತ್ತಾರೆ. ನಡುವಿನ ರಜೆಯಲ್ಲಿ ಅವರು ಯಾರೋ, ಕಾಲೇಜು ಯಾರೋ. ಹಾಗೆ ಕಳುಹಿಸುವಾಗ ಕಂಪ್ಯೂಟರ್ ಲ್ಯಾಬಿನಲ್ಲಿದ್ದ ಅವರ ಫೋಲ್ಡರುಗಳನ್ನೂ ಖಾಲಿ ಮಾಡುತ್ತಿದ್ದರು. ಮನುಷ್ಯರನ್ನೇ ಹೊರಗೆ ಹಾಕುವವರಿಗೆ ಅವರ ದುಡಿಮೆಯ ಮೇಲೆ ಎಂಥ ಮಮತೆ?

ರಂಜನಿ ತಿ. ನರಸೀಪುರದಿಂದ ದಿನವೂ ಬಸ್ಸಿನಲ್ಲಿ ಬಂದು ಅಲ್ಲಿ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ಕಲಿಸುತ್ತಿದ್ದಳು. ಬಿಳಿಗೆರೆ ಕಡೆಯ ಮಕ್ಕಳು ಇಂಗ್ಲಿಷ್ ಪುಸ್ತಕದ ಮುಂದೆ ಬೆವರುವುದನ್ನು ನೋಡಲಾರದೆ ಇಡೀ ಪಾಠವನ್ನು ಕನ್ನಡದಲ್ಲಿ ಬರೆದಿದ್ದಳು. ಮೊದಲ ಪುಟದಲ್ಲಿ ತನ್ನ ಹೆಸರು ಹಾಕಿಕೊಳ್ಳುವುದು ಅಹಂಕಾರವೆಂದು ಬಿಟ್ಟಿದ್ದಳು. ಅಂಥ ವಿನಯ ಎಂಥವರ ಕೈಗೆ ಸಿಗುತ್ತದೆಂಬ ಎಚ್ಚರ ಅವಳಿಗಿರಲಿಲ್ಲ.

ಎರಡು ಸಾವಿರದ ನಾಲ್ಕರ ಏಪ್ರಿಲಿನಲ್ಲಿ ಆ ಪಾಠವೂ ಅಳಿಸಿಹೋಗಬಾರದೆಂದು ಅವಳೊಂದು ಉಪಾಯ ಮಾಡಿದಳು. ವಿಭಾಗದ ಮುಖ್ಯಸ್ಥ ಬಸವಪ್ರಸಾದನ ಫೋಲ್ಡರಿನಲ್ಲಿ ಅದೇ ಫೈಲಿಗೆ ಒಂದು ಹಾರ್ಡ್ ಲಿಂಕ್ ಕೊಟ್ಟಳು. ಬಸವಪ್ರಸಾದ್ ಕಾಲೇಜಿನ ಕಾರ್ಯದರ್ಶಿ ಚಿಕ್ಕಬಸಪ್ಪನವರ ಮಗ. ಅವನ ಫೋಲ್ಡರನ್ನು ಅಳಿಸುವ ಧೈರ್ಯ ಯಾರಿಗೂ ಇರಲಿಲ್ಲ.

"ಕಾಪಿ ಮಾಡಿದ್ರಾ ಮೇಡಂ?" ಎಂದು ಅವನು ಕೇಳಿದ್ದ.

"ಕಾಪಿ ಅಲ್ಲ ಸಾರ್. ಮನೇಲಿ ಪುಟ್ಟಿ, ಶಾಲೇಲಿ ಗಾನವಿ ಅಂತಾರಲ್ಲ, ಹಾಗೆ. ಮಗು ಒಂದೇ, ಕರೆಯೋ ಹೆಸರು ಎರಡು. ಪುಟ್ಟಿ ಅನ್ನೋದನ್ನ ಬಿಟ್ಟುಬಿಟ್ರೂ ಮಗು ಇದ್ದೇ ಇರುತ್ತೆ."

"ಸಿಂಬಾಲಿಕ್ ಲಿಂಕ್ ಆಗಿದ್ರೆ?"

"ಅದು ಬಸ್ ಸ್ಟ್ಯಾಂಡಿನ ಬೋರ್ಡ್ ಇದ್ದಂಗೆ. ತಲಕಾಡು ಬಸ್ಸು ಆ ಕಡೆ ಅಂತ ತೋರಿಸುತ್ತೆ, ಅಷ್ಟೆ. ಬಸ್ಸೇ ನಿಂತುಹೋದ್ರೂ ಬೋರ್ಡು ತೋರಿಸ್ತಾನೇ ಇರುತ್ತೆ. ನನ್ನ ಫೋಲ್ಡರ್ ಅಳಿಸಿದ ದಿನ ನಿಮ್ಮ ಲಿಂಕೂ ಕೆಲಸಕ್ಕೆ ಬರಲ್ಲ."

"ಹಾಗಾದ್ರೆ ಎರಡು ಹೆಸರಲ್ಲಿ ಒರಿಜಿನಲ್ ಯಾವುದು?"

"ಯಾವುದೂ ಅಲ್ಲ ಸಾರ್. ಎರಡೂ ಸಮ."

ಆ ಮಾತನ್ನು ಅವನು ಚೆನ್ನಾಗಿ ನೆನಪಿಟ್ಟುಕೊಂಡ.

ಜೂನಿನಲ್ಲಿ ಅವಳನ್ನು ಮತ್ತೆ ಕರೆಸಿದರು. ಅವಳ ಫೋಲ್ಡರ್ ಬರಿದಾಗಿತ್ತು, ಪಾಠ ಮಾತ್ರ ಅವನ ಫೋಲ್ಡರಿನಲ್ಲಿ ಒಂದಕ್ಷರವೂ ಕೆಡದೆ ಉಳಿದಿತ್ತು. ಅದರ ಮಾದರಿ ಪ್ರತಿಗಳನ್ನು ಅಚ್ಚು ಹಾಕಿಸಿಯೂ ಆಗಿತ್ತು. ಅಚ್ಚು ಹಾಕಿಸುವುದಾದರೆ ಇಬ್ಬರ ಹೆಸರೂ ಇರುತ್ತದೆಂದು ಚಿಕ್ಕಬಸಪ್ಪನವರು ಏಪ್ರಿಲಿನಲ್ಲಿ ಮಾತು ಕೊಟ್ಟಿದ್ದರು. ಹೊದಿಕೆಯ ಮೇಲೆ ಇದ್ದದ್ದು ಬಸವಪ್ರಸಾದನ ಹೆಸರೊಂದೇ. ಅದನ್ನು ಪಠ್ಯಪುಸ್ತಕವಾಗಿ ಒಪ್ಪಲು ವಿಶ್ವವಿದ್ಯಾನಿಲಯದ ಸಮಿತಿ ಬರುವುದಿತ್ತು.

ರಂಜನಿ ಬಸವಪ್ರಸಾದನನ್ನೇ ಕೇಳಿದಳು.

"ನೀವೇ ಹೇಳಿದ್ರಲ್ಲ ಮೇಡಂ, ಯಾವ ಹೆಸರೂ ಒರಿಜಿನಲ್ ಅಲ್ಲ ಅಂತ," ಎಂದು ಅವನು ನಕ್ಕ.

ತಾನು ಹೇಳಿಕೊಟ್ಟ ಸತ್ಯವೇ ತನ್ನ ಮೇಲೆ ಕಳ್ಳನ ಸಾಕ್ಷಿಯಾಗಿ ನಿಂತಿತ್ತು. ಅವನಿಗೆ ತಿಳಿಯದ ಒಂದು ಸಂಗತಿ ಮಾತ್ರ ಅವಳಿಗೆ ತಿಳಿದಿತ್ತು. ಫೈಲು ಯಾರದೆಂಬ ಗುರುತು ಹೆಸರಿನಲ್ಲಿರುವುದಿಲ್ಲ, ಫೈಲಿನೊಳಗೇ ಇರುತ್ತದೆ. ಯಾರ ಫೋಲ್ಡರಿನಲ್ಲಿಟ್ಟರೂ, ಏನೆಂದು ಕರೆದರೂ, ಅದನ್ನು ಸೃಷ್ಟಿಸಿದವರ ಗುರುತು ಅದರೊಡನೆಯೇ ಹೋಗುತ್ತದೆ.

ಸಮಿತಿಯವರು ಬಂದರು. ಬಸವಪ್ರಸಾದ್ ಗೋಡೆಯ ಮೇಲೆ ತನ್ನ ಫೋಲ್ಡರಿನ ಪಟ್ಟಿಯನ್ನು ಮೂಡಿಸಿ, "ಇದೇ ನನ್ನ ಕೃತಿ" ಎಂದ. ಆ ಫೈಲಿನ ಸಾಲಿನಲ್ಲೇ, ಒಡೆಯರ ಜಾಗದಲ್ಲಿ, ರಂಜನಿ ಎಂದಿತ್ತು.

"ಯಾರ್ರೀ ಇದು ರಂಜನಿ?" ಎಂದರು ಸಮಿತಿಯ ಹಿರಿಯರು.

ಚಿಕ್ಕಬಸಪ್ಪನವರು ಮುಂದೆ ಬಂದರು. "ಟೈಪ್ ಮಾಡ್ಕೊಟ್ಟ ಉಡುಗಿ ಸಾ. ಇಲ್ಲೇ ನಿಂತವ್ಳೆ ನೋಡಿ. ಬನ್ನಿ, ಊಟ ಆರೋಯ್ತದೆ."

ಹಿರಿಯರು ರಂಜನಿಯ ಕಡೆ ಒಮ್ಮೆ ನೋಡಿ ಊಟಕ್ಕೆ ನಡೆದರು. ಸಮಿತಿಯನ್ನು ಎಲೆಯ ಮುಂದೆ ಕೂರಿಸಿ ಅಪ್ಪ ಮಗ ಇಬ್ಬರೂ ಲ್ಯಾಬಿಗೆ ಹಿಂತಿರುಗಿದಾಗ ರಂಜನಿ ಕಂಪ್ಯೂಟರಿನ ಮುಂದೆ ಕುಳಿತಿದ್ದಳು.

"ಏನಮ್ಮ, ನಿನ್ನ ಫೋಲ್ಡರ್ ಅಳ್ಸಿದ್ ಮೇಲೂ ನಿನ್ನ ಎಸ್ರು ಎಂಗ್ ಬಂತು?" ಎಂದರು ಚಿಕ್ಕಬಸಪ್ಪ. "ನಮ್ ಕ್ಲಾಸ್ ರೂಮಿನ ಬಾಗ್ಲ ಮೇಲೆ ಹಳೇ ದಾನಿ ಎಸ್ರಿಗೆ ಸುಣ್ಣ ಒಡ್ದು ಒಸ್ಬರ ಎಸ್ರು ಬರೆಸ್ತೀವಲ್ಲ, ಅಂಗೆ ಒಡ್ದಾಕು."

"ಇದು ಗೋಡೆ ಅಲ್ಲ ಯಜಮಾನ್ರೆ. ಬರೆದವಳು ನಾನು, ಅದಕ್ಕೇ ಬರುತ್ತೆ. ನಾನು ಅಳಿಸಲ್ಲ."

"ಅಳ್ಸಲ್ವಾ? ಊಟ ಆಗಿ ಅವ್ರು ತಿರ್ಗಾ ಬರೋ ಒತ್ಗೆ ಅದು ಅಲ್ಲಿರಬಾರ್ದು ಕಣಮ್ಮ."

ಆ ಕ್ಷಣ ಅವಳ ಮನಸ್ಸಿನಲ್ಲಿ ಇನ್ನೊಂದು ದಾರಿ ಸುಳಿಯಿತು. ಒಡತಿ ಅವಳು, ಒಂದೇ ಸಾಲಿನ ಆದೇಶ ಕೊಟ್ಟರೆ ಫೈಲು ಒಳಗಿನಿಂದಲೇ ಬರಿದಾಗುತ್ತಿತ್ತು, ಫೋಲ್ಡರ್ ಯಾರದಿದ್ದರೇನು. ಆದರೆ ಆ ಪಾಠವನ್ನು ಓದಿ ಮೊದಲ ಬಾರಿಗೆ ತಲೆ ಎತ್ತಿ ಉತ್ತರ ಹೇಳಿದ ಮಕ್ಕಳ ಮುಖಗಳು ಅಡ್ಡ ಬಂದವು. ಕದ್ದವರ ಮೇಲಿನ ಸಿಟ್ಟಿಗೆ ಮಕ್ಕಳ ಅನ್ನಕ್ಕೆ ಮಣ್ಣು ಹಾಕುವವಳಾಗಿರಲಿಲ್ಲ ಅವಳು. ಕೀಲಿಮಣೆಯಿಂದ ಕೈ ತೆಗೆದು ಎದ್ದು ನಿಂತಳು.

ಬಸವಪ್ರಸಾದ್ ಮೂಲೆಯ ಕಡೆ ತಿರುಗಿದ. "ಶ್ವೇತಾ, ಬಾರಮ್ಮ ಇಲ್ಲಿ. ಆಡ್ಮಿನ್ ಪಾಸ್‌ವರ್ಡ್ ಈಗ ನಿನ್ನ ಹತ್ರ ತಾನೇ ಇರೋದು? ಓನರ್ ಚೇಂಜ್ ಮಾಡು."

ಶ್ವೇತ ಹಿಂದಿನ ವರ್ಷದವರೆಗೆ ರಂಜನಿಯ ವಿದ್ಯಾರ್ಥಿನಿ. ಈಗ ಲ್ಯಾಬಿನ ಸಹಾಯಕಿ. ತಾನು ಕಲಿಸಿದವಳು ಇಲ್ಲವೆನ್ನುತ್ತಾಳೆಂದು ರಂಜನಿ ಕಾದಳು. ಶ್ವೇತ ದುಪಟ್ಟಾ ಸರಿಪಡಿಸಿಕೊಂಡು ಬಂದು ಕುಳಿತಳು. ರಂಜನಿಯ ಪಾಠದಲ್ಲಿದ್ದಂತೆಯೇ ಮೊದಲು ಆದೇಶ, ಆಮೇಲೆ ಹೊಸ ಒಡೆಯನ ಹೆಸರು, ಕೊನೆಗೆ ಫೈಲು ಎಂದು ಒಂದೊಂದಾಗಿ ಟೈಪು ಮಾಡಿದಳು. ಎಂಟರ್ ಗುಂಡಿ ಒತ್ತುವ ಮುಂಚೆ, ಅಭ್ಯಾಸಬಲದಿಂದಲೋ ಭಯದಿಂದಲೋ, ಹಿಂತಿರುಗಿ ಕೇಳಿದಳು:

"ಸರಿ ಇದೆಯಾ ಮೇಡಂ?"

ಅಪ್ಪ ಮಗ ಇಬ್ಬರೂ ರಂಜನಿಯನ್ನೇ ನೋಡಿದರು. ತಪ್ಪಿದೆ ಎಂದು ಒಂದು ಸುಳ್ಳು ಹೇಳಿದ್ದರೆ ಸಮಿತಿಯವರು ಊಟ ಮುಗಿಸಿ ಬರುವವರೆಗಾದರೂ ಆ ಫೈಲು ಅವಳದಾಗಿಯೇ ಉಳಿಯುತ್ತಿತ್ತು. ಅವಳು ತರಗತಿಯಲ್ಲಿ ಮಕ್ಕಳ ಹಿಂದೆ ನಿಂತು ತಿದ್ದುವಾಗಿನಂತೆಯೇ ಬಗ್ಗಿ ಪರದೆಯ ಮೇಲಿನ ಸಾಲನ್ನು ಅಕ್ಷರ ಅಕ್ಷರವಾಗಿ ಓದಿದಳು.

"ಸರಿ ಇದೆ," ಎಂದಳು.