ಒಂದೇ ಚಿಮಣಿಯ ಎರಡು ಮನೆ

ಚಿಮಣಿಯಕ್ಕನಿಗೆ ಒಂದೇ ಬೆಳಿಗ್ಗೆ ಒಂದೇ ಮನೆಯಿಂದ ಎರಡು ಫೋನು ಬಂದವು. ಮೊದಲು ಮಾಡಿದವರು ನಿವೃತ್ತ ಲೆಕ್ಕದ ಟೀಚರು. ತಮ್ಮ ಅಗ್ಗಿಷ್ಟಿಕೆಯಲ್ಲಿ ಸೌದೆಯ ಚೂರೂ ಇಲ್ಲದಿದ್ದರೂ ಸಂಜೆ ಐದಾಯಿತೆಂದರೆ ಕೋಣೆ ತುಂಬ ಹೊಗೆ ಕವಿಯುತ್ತದೆ, ಇದು ಪಕ್ಕದ ಮನೆಯವರ ಕಿತಾಪತಿ, ಬಂದು ನೋಡಿ ಹಾಗೆಂದು ಬರೆದುಕೊಡಬೇಕು ಎಂದರು. ಅವರು ಫೋನಿಟ್ಟು ಕಾಲು ಗಂಟೆಯಾಗಿರಲಿಲ್ಲ, ಆ ಪಕ್ಕದ ಮನೆಯವರೇ ಮಾಡಿದರು. ಅವರು ಹೋದ ವರ್ಷ ನಿವೃತ್ತರಾದ ಬಸ್ ಡ್ರೈವರು. ತಮ್ಮ ಮನೆಯ ಬೆಂಕಿ ನೆಟ್ಟಗೆ ಉರಿಯುವುದೇ ಇಲ್ಲ, ಬೆಳಿಗ್ಗೆ ಪಕ್ಕದವರು ಒಲೆ ಹಚ್ಚಿದರೆ ಹೊಗೆಯೂ ಮಸಿಯೂ ತಮ್ಮ ಸೋಫಾದ ಮೇಲೇ ಬೀಳುತ್ತದೆ, ಇದು ಬೇಕೆಂದೇ ಮಾಡುತ್ತಿರುವ ಕೆಲಸ ಎಂದರು. ವಿಳಾಸ ಕೇಳಿದಾಗ ಟೀಚರು ಹೇಳಿದ ನಂಬರಿಗೇ ಒಂದು ‘ಬಿ’ ಸೇರಿಸಿ ಹೇಳಿದರು.

ಆ ಕಣಿವೆಯ ಊರಿನಲ್ಲಿ ಚಿಮಣಿಯಕ್ಕನನ್ನು ತಿಳಿಯದ ಮನೆ ಇರಲಿಲ್ಲ. ಬೇರೆ ಕಡೆ ಅಗ್ಗಿಷ್ಟಿಕೆ ಬೇಕಾಗುವುದು ಚಳಿಗೆ, ಇಲ್ಲಿ ಬೇಕಾಗುವುದು ತೇವಕ್ಕೆ. ವರ್ಷದಲ್ಲಿ ಎಂಟು ತಿಂಗಳು ಗೋಡೆ ಬೆವರುತ್ತದೆ. ಒಂದು ವಾರ ಕಪಾಟಿನ ಬಾಗಿಲು ತೆರೆಯದಿದ್ದರೆ ಬೂಟಿಗೆ ಹಸಿರು ಮೀಸೆ ಬೆಳೆಯುತ್ತದೆ, ಒಗೆದ ಚಾದರ ಮೂರು ದಿನವಾದರೂ ಹಸಿಹಸಿಯಾಗಿ ವಾಸನೆ ಹೊಡೆಯುತ್ತದೆ. ಹಾಗಾಗಿ ಪ್ರತಿ ಮನೆಯಲ್ಲೂ ಒಂದು ಅಗ್ಗಿಷ್ಟಿಕೆ, ಅದರ ಮುಂದೆ ಬಟ್ಟೆ ಹರವಲು ಒಂದು ಮರದ ಚೌಕಟ್ಟು. ಕೆಟ್ಟರೆ ಚಿಮಣಿಯಕ್ಕ ಬರಬೇಕು. ಅವಳು ಈ ವಿದ್ಯೆ ಕಲಿತದ್ದು ಸೋದರಮಾವನಿಂದ. ಏಣಿ ಹಿಡಿಯಲು ಗಂಡನಿದ್ದ. ಅವನಿಗೆ ಎರಡನೇ ಮೆಟ್ಟಿಲು ಹತ್ತಿದರೇ ತಲೆ ಸುತ್ತುತ್ತಿತ್ತು, ಆದರೆ ಕೆಳಗೆ ನಿಂತು ಸಲಹೆ ಕೊಡುವುದರಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ.

ಮರುದಿನ ಇಬ್ಬರೂ ವ್ಯಾನು ನಿಲ್ಲಿಸಿ ನೋಡಿದರೆ, ಹಳೆಯ ಕಾಲದ ಒಂದು ದೊಡ್ಡ ಮನೆ. ನಟ್ಟ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಮುಂಬಾಗಿಲು ಎರಡು, ಹೂವಿನ ಕುಂಡದ ಸಾಲು ಎರಡು, ಸೂರಿನ ಮೇಲೆ ಚಿಮಣಿ ಮಾತ್ರ ಒಂದೇ. ಚಿಮಣಿಯಕ್ಕನಿಗೆ ಅರ್ಧ ಕಥೆ ಅಲ್ಲೇ ಅರ್ಥವಾಯಿತು. ಉಳಿದರ್ಧ ಸೂರಿನ ಮೇಲೆ ಸಿಕ್ಕಿತು. ಒಂದೇ ಚಿಮಣಿಯ ಹೊಟ್ಟೆಯಲ್ಲಿ ಒಂದಿಟ್ಟಿಗೆ ದಪ್ಪದ ನಡುಗೋಡೆ, ಆ ಕಡೆಗೊಂದು ಈ ಕಡೆಗೊಂದು ಹೊಗೆದಾರಿ. ಅವಳು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಕೋಲಿನ ತುದಿಯ ಕನ್ನಡಿಯಲ್ಲಿ ನೋಡಿದಳು. ಕೆಳಗೆ, ಒಲೆಯ ಬಾಯಿಗಿಂತ ಒಂದು ಮೊಳ ಮೇಲೆ, ನಡುಗೋಡೆಯ ಎರಡು ಇಟ್ಟಿಗೆ ಬಿದ್ದುಹೋಗಿತ್ತು. ಸುತ್ತಲಿನ ಗಾರೆಯನ್ನು ಕೋಲಿನಿಂದ ಮುಟ್ಟಿದರೆ ಹಿಟ್ಟಿನ ಹಾಗೆ ಉದುರಿತು. ಮಸಿಗೆ ಈ ಕಣಿವೆಯ ತೇವ ಸೇರಿದರೆ ಅದು ಸುಣ್ಣವನ್ನು ತಿಂದುಹಾಕುತ್ತದೆ. ಯಾರ ಕಿತಾಪತಿಯೂ ಅಲ್ಲ.

ಇದನ್ನು ಎರಡೂ ಮನೆಗೆ ಹೇಳಿದಳು. ಟೀಚರು ಕನ್ನಡಕ ಮೇಲೇರಿಸಿ, ಹಾಗಾದರೆ ಇಟ್ಟಿಗೆ ಬಿದ್ದದ್ದು ಯಾವ ಕಡೆಯಿಂದ ಎಂದು ಕೇಳಿದರು. ಡ್ರೈವರೂ ಅದನ್ನೇ ಕೇಳಿದರು. ಬಿದ್ದ ಇಟ್ಟಿಗೆ ಡ್ರೈವರ ಕಡೆ ಇತ್ತು, ಅವರ ಒಲೆಯೇ ಅಗಲವಾಗಿದ್ದುದರಿಂದ ಕೈ ಹಾಕಿ ಕಟ್ಟಬೇಕಾದದ್ದೂ ಆ ಕಡೆಯಿಂದಲೇ. ಒಲೆಯ ಮುಂಭಾಗ ಬಿಚ್ಚಬೇಕಾಗುತ್ತದೆ ಎಂದಾಗ ಅವರು ಮುಖ ಗಂಟು ಹಾಕಿಕೊಂಡು, ನಮ್ಮಪ್ಪ ಕೂರಿಸಿದ ಕಲ್ಲು ಅದು, ಆಕೆಯ ಹೊಗೆಗೋಸ್ಕರ ನಾನ್ಯಾಕೆ ಬಿಚ್ಚಿಸಲಿ ಎಂದರು. ‘ನಮ್ಮಪ್ಪ’ ಎಂಬ ಮಾತು ಚಿಮಣಿಯಕ್ಕನ ಕಿವಿಗೆ ಬಿತ್ತು. ಟೀಚರೂ ಅಗ್ಗಿಷ್ಟಿಕೆ ತೋರಿಸುತ್ತಾ, ಇದು ನಮ್ಮಪ್ಪ ಕೂರಿಸಿದ್ದು ಎಂದಿದ್ದರು. ಅಂದರೆ ಇವರಿಬ್ಬರೂ ಅಕ್ಕ ತಮ್ಮ.

ಕೆಲಸ ಹಿಡಿಯುವ ಮುಂಚೆ ಇನ್ನೆಲ್ಲೂ ತೂತಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕಿತ್ತು. ಅದಕ್ಕೆ ಒಂದು ಕಡೆ ಹಸಿ ಸೊಪ್ಪು ಹಾಕಿ ಹೊಗೆ ಎಬ್ಬಿಸಬೇಕು, ಇನ್ನೊಂದು ಕಡೆ ಒಲೆಯ ಬಾಯಿಗೆ ಒದ್ದೆ ಗೋಣಿ ಹಿಡಿದು ಎಲ್ಲಿಂದ ನುಸುಳುತ್ತದೆ ನೋಡಬೇಕು, ಆಮೇಲೆ ಅದಲು ಬದಲು. ಗಂಡ ಬೆಂಕಿ ತಾಳುವ ಇಟ್ಟಿಗೆ ತರಲು ವ್ಯಾನು ತೆಗೆದುಕೊಂಡು ಹೋಗಿದ್ದ. ಅಕ್ಕ ತಮ್ಮ ಇಬ್ಬರೂ ಸಹಾಯಕ್ಕೆ ತಯಾರಿದ್ದರು, ಆದರೆ ಒಬ್ಬರಿಗೊಬ್ಬರು ಮಾತಾಡಲು ತಯಾರಿರಲಿಲ್ಲ. ಹಚ್ಚಬಹುದೇ ಎಂದು ಕೇಳಲು ಟೀಚರು ಚಿಮಣಿಯಕ್ಕನನ್ನು ಕಳಿಸಿದರು. ಇನ್ನೂ ಗೋಣಿ ಒದ್ದೆಯಾಗಿಲ್ಲ ಎನ್ನಲು ಡ್ರೈವರು ವಾಪಸು ಕಳಿಸಿದರು. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಮೆಟ್ಟಿಲಿಳಿದು, ಗೇಟು ದಾಟಿ, ರಸ್ತೆಗೆ ಬಂದು, ಮತ್ತೆ ಗೇಟು, ಮತ್ತೆ ಮೆಟ್ಟಿಲು. ಮೂರನೇ ಸಲಕ್ಕೆ ಅವಳಿಗೆ ಏದುಸಿರು, ಏಳನೇ ಸಲಕ್ಕೆ ಮೊಣಕಾಲು ಮಾತಾಡತೊಡಗಿತು.

ಆ ಓಡಾಟದ ನಡುವೆಯೇ ಕಥೆಯೂ ತುಂಡು ತುಂಡಾಗಿ ಕೈ ಸೇರಿತು. ಡ್ರೈವರ ಮಗ ಟೀಚರ ಶಾಲೆಯಲ್ಲೇ ಓದುತ್ತಿದ್ದ. ಒಂಬತ್ತನೇ ತರಗತಿಯ ಪರೀಕ್ಷೆಯಲ್ಲಿ ಲೆಕ್ಕದಲ್ಲಿ ಎರಡು ಮಾರ್ಕು ಕಮ್ಮಿ ಬಂತು. ಸ್ವಂತ ಅತ್ತೆಯೇ ಫೇಲು ಮಾಡಿದರು. ಹುಡುಗ ಒಂದು ವರ್ಷ ಕೂತ. ಡ್ರೈವರು ಅಂದು ಮುಖ ತಿರುಗಿಸಿದವರು ಹನ್ನೊಂದು ವರ್ಷವಾದರೂ ತಿರುಗಿ ನೋಡಿರಲಿಲ್ಲ. ಅವರ ಹೆಂಡತಿ ಮಾತ್ರ ಗಂಡನ ಅಕ್ಕನ ಜೊತೆ ಸಂತೆಯಲ್ಲಿ ನಿಂತು ಗಂಟೆಗಟ್ಟಲೆ ಹರಟುತ್ತಿದ್ದಳು, ಆದರೆ ಇವರ ನಡುವೆ ಸಂದೇಶ ಹೊರುವ ಕೆಲಸ ತನ್ನದಲ್ಲವೆಂದು ಮೊದಲ ವರ್ಷವೇ ಕೈ ತೊಳೆದುಕೊಂಡಿದ್ದಳು. ಈಗ ಅವಳು ಊರಲ್ಲಿರಲಿಲ್ಲ. ಸೊಸೆಯ ಬಾಣಂತನಕ್ಕೆ ಹೋಗಿದ್ದಳು.

ಎಂಟನೇ ಸಲ ಚಿಮಣಿಯಕ್ಕ ಟೀಚರ ಅಗ್ಗಿಷ್ಟಿಕೆಯ ಮುಂದೆ ಕುಕ್ಕರಿಸಿಬಿಟ್ಟಳು.

“ಟೀಚರ್, ನಾನು ಚಿಮಣಿ ರಿಪೇರಿಗೆ ಬಂದವಳು, ಟಪಾಲು ಹಂಚೋಕಲ್ಲ. ಇಲ್ಲಿ ಬಗ್ಗಿ ಒಳಗೆ ಮಾತಾಡಿದ್ರೆ ಆ ಕಡೆಗೆ ಚೆನ್ನಾಗಿ ಕೇಳಿಸುತ್ತೆ. ನೀವೇ ಹೇಳಿಬಿಡಿ.”

“ಕೇಳಿಸುತ್ತೆ ಅಂತ ನನಗೆ ಗೊತ್ತಿಲ್ವೇನಮ್ಮ,” ಎಂದ ಟೀಚರು, ಹೇಳಿದ ಮೇಲೆ ತುಟಿ ಕಚ್ಚಿಕೊಂಡು ಸೊಪ್ಪಿನ ಬುಟ್ಟಿಯನ್ನು ಸುಮ್ಮನೆ ಸರಿಪಡಿಸತೊಡಗಿದರು.

ಚಿಮಣಿಯಕ್ಕ ಅದನ್ನು ಕಂಡೂ ಕಾಣದವಳಂತೆ ಎದ್ದಳು. ಪಕ್ಕದ ಮನೆಗೂ ಕೊನೆಯ ಬಾರಿ ಹೋಗಿ, ಇನ್ನು ಮೇಲೆ ಏನಿದ್ದರೂ ಒಲೆಯೊಳಗೇ ಹೇಳಬೇಕು, ತಾನು ಸೂರಿನ ಮೇಲಿರುತ್ತೇನೆ ಎಂದು ಡ್ರೈವರಿಗೂ ಹೇಳಿದಳು. ಅವರು ಏನೋ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಅವಳು ಏಣಿಯ ಅರ್ಧದಲ್ಲಿದ್ದಳು. ಮೇಲೆ ಹೋಗಿ ಚಿಮಣಿಯ ಪಕ್ಕ ಕೂತರೆ, ಎರಡು ಹೊಗೆದಾರಿಯಿಂದಲೂ ಕೆಳಗಿನ ಸದ್ದು ಬಾವಿಯೊಳಗಿಂದ ಬಂದ ಹಾಗೆ ಬರುತ್ತಿತ್ತು. ಡ್ರೈವರು ಗಂಟಲು ಸರಿಮಾಡಿಕೊಂಡದ್ದೂ ಕೇಳಿಸಿತು.

“ಹಚ್ಚಿದೀನಿ,” ಅಂದರು ಟೀಚರು.

ಆ ಕಡೆ ಒದ್ದೆ ಗೋಣಿ ಸರಿದ ಸದ್ದು. ಆಮೇಲೆ ಆ ಕಡೆಯಿಂದ, “ಹೂಂ.”

“ಹೂಂ ಅಂದ್ರೇನು? ಹೊಗೆ ಬಂತೋ ಇಲ್ವೋ?”

“ಬಂತು.”

“ಎಷ್ಟು ಬಂತು?”

“ಎರಡು ಮಾರ್ಕಿನಷ್ಟು.”

ಚಿಮಣಿಯಕ್ಕ ಚಿಮಣಿಯ ಬಾಯಿಗೆ ಕಿವಿ ಹತ್ತಿರ ತಂದಳು. ಹೊಗೆ ಮೂಗಿಗೆ ಬಡಿಯುತ್ತಿದ್ದರೂ ಮುಖ ತಿರುಗಿಸಲಿಲ್ಲ. ಇನ್ನು ಇವರು ಇಬ್ಬರೂ ಒಲೆ ಬಿಟ್ಟು ಎದ್ದುಹೋದರೆ ತನ್ನ ಪರೀಕ್ಷೆ ಮಣ್ಣುಪಾಲು ಅನ್ನಿಸಿತು.

“ಎರಡು ಮಾರ್ಕು ಕಮ್ಮಿ ಅಂದ್ರೆ ಕಮ್ಮಿನೇ ಕಣೋ,” ಅಂದರು ಟೀಚರು. “ಅವತ್ತೂ ಅಷ್ಟೇ, ಇವತ್ತೂ ಅಷ್ಟೇ.”

ಆ ಕಡೆಯಿಂದ ಒಂದು ಸದ್ದು ಬಂತು. ಕೆಮ್ಮೋ ನಗುವೋ ಮೇಲಿದ್ದವಳಿಗೆ ತಿಳಿಯಲಿಲ್ಲ. ಅದು ನಿಂತ ಮೇಲೆ ಡ್ರೈವರ ದನಿ ಮೆತ್ತಗಾಗಿತ್ತು. “ಅವನೂ ಅದನ್ನೇ ಹೇಳ್ತಾನೆ. ಅತ್ತೆ ಅವತ್ತು ಪಾಸು ಮಾಡಿದ್ದಿದ್ರೆ ನನಗೆ ಲೆಕ್ಕ ಯಾವತ್ತೂ ಬರ್ತಿರಲಿಲ್ಲ, ಇವತ್ತು ಜಮೀನು ಅಳೆಯೋ ಕೆಲಸ ಯಾರು ಕೊಡ್ತಿದ್ರು ಅಂತ.”

“ಯಾವಾಗ ಹೇಳಿದ?”

“ಆಯ್ತು, ಐದು ವರ್ಷ.”

“ಮತ್ತೆ ಈ ಐದು ವರ್ಷ ಯಾಕೋ ಗೇಟಲ್ಲಿ ಸಿಕ್ಕರೂ ಆಕಾಶ ನೋಡ್ಕೊಂಡು ಓಡಾಡಿದೆ?”

“ಅಷ್ಟರಲ್ಲಿ ಆರು ವರ್ಷ ಆಗಿಹೋಗಿತ್ತಲ್ಲಕ್ಕ. ಎಲ್ಲಿಂದ ಶುರು ಮಾಡೋದು ಅಂತ ಗೊತ್ತಾಗಲಿಲ್ಲ.”

ಕೆಳಗೆ ಸೊಪ್ಪು ಚಟಪಟ ಅನ್ನುತ್ತಿತ್ತು. ಟೀಚರು ಮೂಗು ಸೀಟಿಕೊಂಡರು. ಅದು ಹೊಗೆಗಿರಬಹುದು. ಆಮೇಲೆ, “ಮಗೂಗೆ ಹೆಸರಿಟ್ರಾ?” ಎಂದು ಕೇಳಿದರು.

“ಮಗು ಆಗಿದ್ದು ನಿನಗೆ ಯಾರು ಹೇಳಿದ್ರು?”

“ನೀನೇ. ಮೊನ್ನೆ ಫೋನಿನಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಕೂಗೋ ಹಾಗೆ ಕೂಗಿದೆಯಲ್ಲ. ಹೆಣ್ಣು ಮಗು, ಮೂರು ಕೇಜಿ ಇನ್ನೂರು ಗ್ರಾಂ. ಅವತ್ತೇ ಟೋಪಿ ಹೆಣೆಯೋಕೆ ಕೂತೆ. ನಿನ್ನ ಹೊಗೆಯಲ್ಲಿ ಕಣ್ಣು ಕಾಣದೆ ಎರಡು ಸಲ ಬಿಚ್ಚಿದೀನಿ.”

ಚಿಮಣಿಯಕ್ಕ ಮೇಲಿನಿಂದ, ಇನ್ನು ಸೊಪ್ಪು ಆರಿಸಿ ಆ ಕಡೆ ಹಚ್ಚಬಹುದು ಎಂದು ಮೂರು ಸಲ ಹೇಳಿದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಇಳಿದು ಬರುವಷ್ಟರಲ್ಲಿ ಡ್ರೈವರು ತಮ್ಮ ಮನೆಯ ಮೆಟ್ಟಿಲಿಳಿದು ಗೇಟಿನಿಂದ ಹೊರಗೆ ಬರುತ್ತಿದ್ದರು. ಕೈ ಮೊಣಕೈವರೆಗೆ ಮಸಿ, ಹಣೆಯ ಮೇಲೆ ಮಸಿ. ಅಕ್ಕನ ಗೇಟಿನ ಚಿಲಕ ತೆಗೆಯುವುದು ಗೊತ್ತಾಗದೆ ಅಲ್ಲಾಡಿಸುತ್ತಾ ನಿಂತರು. ಒಳಗಿನಿಂದ ಟೀಚರು, ಎತ್ತಿ ಎಳೆಯಬೇಕು, ತಳ್ಳಿದರೆ ಮುರಿಯುತ್ತದೆ ಎಂದರು. ಡ್ರೈವರು ಎತ್ತಿ ಎಳೆದರು. ಬಾಗಿಲಲ್ಲಿ ಚಪ್ಪಲಿ ಎಲ್ಲಿ ಬಿಡಲಿ ಎಂದು ನೆಂಟರ ಹಾಗೆ ಕೇಳಿದ್ದಕ್ಕೆ ಟೀಚರಿಗೆ ರೇಗಿತು. ಹುಟ್ಟಿದ ಮನೆಯಲ್ಲಿ ಚಪ್ಪಲಿ ಬಿಡುವ ಜಾಗ ಕೇಳುತ್ತಾನೆ ನೋಡಮ್ಮ ಎಂದು ಚಿಮಣಿಯಕ್ಕನಿಗೆ ದೂರಿದರು, ದೂರುತ್ತಲೇ ತಮ್ಮನ ಹಣೆಯ ಮಸಿಯನ್ನು ಸೆರಗಿನಿಂದ ಒರೆಸಿದರು. ಒರೆಸಿದ್ದಕ್ಕೆ ಅದು ಕಿವಿಯವರೆಗೂ ಹರಡಿತು.

ಉಳಿದ ಪರೀಕ್ಷೆ ಅರ್ಧ ಗಂಟೆಯಲ್ಲಿ ಮುಗಿಯಿತು. ತೂತು ಅದೊಂದೇ. ಇಟ್ಟಿಗೆ ತುಂಬಿಕೊಂಡು ಬಂದ ಗಂಡ, ಬೆಳಿಗ್ಗೆ ಹಾವು ಮುಂಗುಸಿಯಾಗಿದ್ದವರು ಒಂದೇ ಬೆಂಚಿನ ಮೇಲೆ ಕೂತು ಮಗುವಿನ ಫೋಟೋ ನೋಡುತ್ತಿರುವುದನ್ನು ಕಂಡು ಕಕ್ಕಾಬಿಕ್ಕಿಯಾದ. ನೋಡಬೇಕಾದದ್ದೆಲ್ಲ ತಾನು ಇಟ್ಟಿಗೆ ತರಲು ಹೋದಾಗಲೇ ಆಗುತ್ತದೆ ಎಂದು ಅವನಿಗೆ ಬೇಜಾರು.

ಕೆಲಸ ಶುರುಮಾಡುವ ಹೊತ್ತಿಗೆ ಹೊಸ ತಕರಾರು ಬಂತು. ಡ್ರೈವರು ತಲೆ ಕೆರೆಯುತ್ತಾ, ಕಲ್ಲು ಬಿಚ್ಚಲು ಈಗ ಅಡ್ಡಿಯಿಲ್ಲ, ಆದರೆ ಆ ತೂತನ್ನು ಪೂರ್ತಿ ಮುಚ್ಚಲೇಬೇಕೇ, ಒಂದು ಸಣ್ಣ ಕಿಂಡಿ ಬಿಟ್ಟರೆ ಆಗದೇ, ಮಾತಾಡಲು ಅನುಕೂಲ ಎಂದರು. ಟೀಚರ ಕಣ್ಣಲ್ಲೂ ಅದೇ ಆಸೆ ಇತ್ತು. ಚಿಮಣಿಯಕ್ಕನ ಮನಸ್ಸು ಒಂದು ಗಳಿಗೆ ಕರಗಿತು. ಒಂದು ಬೆರಳಿನಷ್ಟು ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಆದರೆ ಆ ಬೆರಳಿನಷ್ಟು ಜಾಗದಲ್ಲಿ ಕಿಡಿ ಹಾರುತ್ತದೆ, ತೇವ ಸೇರುತ್ತದೆ, ಎರಡು ಮಳೆಗಾಲದಲ್ಲಿ ಪಕ್ಕದ ಇಟ್ಟಿಗೆಯೂ ಬೀಳುತ್ತದೆ. ಮಲಗಿದವರ ಕೋಣೆಗೆ ಹೊಗೆ ನುಗ್ಗಿದರೆ ಎಚ್ಚರವೂ ಆಗುವುದಿಲ್ಲ.

“ಆಗಲ್ಲ ಅಣ್ಣಾ,” ಅಂದಳು. “ಹೊಗೆಗೆ ಅಕ್ಕ ತಮ್ಮ ಅಂತೆಲ್ಲ ತಿಳಿಯೋದಿಲ್ಲ. ಮುಚ್ಚಿದ್ರೆ ಪೂರ್ತಿ ಮುಚ್ಚಬೇಕು. ಮಾತಾಡೋಕೆ ಬಾಗಿಲಿದೆ.”

ಡ್ರೈವರು ಅಕ್ಕನ ಕಡೆ ನೋಡಿದರು. ಟೀಚರು ಚಿಮಣಿಯಕ್ಕನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಇಂಥವಳು ನನ್ನ ಕ್ಲಾಸಿನಲ್ಲಿ ಒಬ್ಬಳಾದರೂ ಇರಬೇಕಿತ್ತು, ಅವಳು ಹೇಳಿದ ಹಾಗೇ ಆಗಲಿ ಎಂದರು. ಡ್ರೈವರು ಆ ಇಬ್ಬರು ಹೆಂಗಸರ ನಡುವೆ ಸಿಕ್ಕಿಬಿದ್ದವರ ಹಾಗೆ ಕೈ ಚೆಲ್ಲಿದರು.

ಅಪ್ಪ ಕೂರಿಸಿದ ಕಲ್ಲುಗಳಿಗೆ ಚಿಮಣಿಯಕ್ಕ ಸೀಮೆಸುಣ್ಣದಲ್ಲಿ ನಂಬರು ಬರೆದು, ಒಂದೊಂದನ್ನೇ ಬಿಚ್ಚಿ ಗೋಣಿಯ ಮೇಲೆ ಸಾಲಾಗಿಟ್ಟಳು. ಭುಜದವರೆಗೂ ಒಲೆಯೊಳಗೆ ತೂರಿ, ಪುಡಿಯಾದ ಗಾರೆಯನ್ನೆಲ್ಲ ಕೆರೆದು ತೆಗೆದು, ಹೊಸ ಇಟ್ಟಿಗೆ ಕೂರಿಸಿ, ಕರಣೆಯಲ್ಲಿ ಸಂದು ತೀಡಿದಳು. ಸಂಜೆಗೆ ಕಲ್ಲುಗಳೂ ನಂಬರು ಪ್ರಕಾರ ತಮ್ಮ ಜಾಗಕ್ಕೆ ಮರಳಿದವು. ಒಣ ಊರಿನಲ್ಲಾದರೆ ಗಾರೆ ಎರಡು ದಿನಕ್ಕೆ ಒಣಗುತ್ತದೆ. ಇಲ್ಲಿ ಆರು ದಿನ ಎರಡೂ ಕಡೆ ಬೆಂಕಿ ಹಚ್ಚಕೂಡದು ಎಂದು ಹೇಳಿ ಹೋದಳು. ಏಳನೇ ದಿನ ಬಂದು ಮೊದಲ ಬೆಂಕಿಯನ್ನು ತಾನೇ ಹಚ್ಚಿದಳು. ಕಾಗದದ ಸುರುಳಿ ಹೊತ್ತಿಸಿ ಚಿಮಣಿಯೊಳಗಿನ ಥಂಡಿ ಗಾಳಿಯನ್ನು ಮೊದಲು ಬೆಚ್ಚಗೆ ಮಾಡಿ, ಆಮೇಲೆ ಸಣ್ಣ ಸೌದೆ. ಹೊಗೆ ಎರಡು ಕಡೆಯೂ ನೆಟ್ಟಗೆ ಮೇಲಕ್ಕೆ ಹೋಯಿತು, ಕೋಣೆಯಲ್ಲಿ ಎಳೆಯಷ್ಟೂ ನಿಲ್ಲಲಿಲ್ಲ.

ಎರಡು ತಿಂಗಳ ನಂತರ ತಪಾಸಣೆಗೆ ಹೋದಾಗ ಟೀಚರ ಅಗ್ಗಿಷ್ಟಿಕೆಯೊಳಗೆ ಕೈ ಹಾಕಿದ ಚಿಮಣಿಯಕ್ಕನಿಗೆ ಸಿಟ್ಟು ಬಂತು. ಇಟ್ಟಿಗೆ ತಣ್ಣಗೆ, ಮೂಲೆಯಲ್ಲಿ ಆಗಲೇ ಬೂಷ್ಟು. ವಿಚಾರಿಸಿದರೆ, ಟೀಚರು ದಿನವೂ ಸಂಜೆ ತಮ್ಮನ ಮನೆಗೇ ಹೋಗಿ ಕೂರುತ್ತಿದ್ದರು. ಮಗ, ಸೊಸೆ, ಮಗು ಎಲ್ಲ ಬಂದಿಳಿದಿದ್ದರು. ಅಲ್ಲಿ ಬೆಂಕಿಯಿರುವಾಗ ಇಲ್ಲಿ ಯಾಕೆ ಸೌದೆ ದಂಡ ಎಂದು ಇಲ್ಲಿ ಹಚ್ಚುವುದನ್ನೇ ಬಿಟ್ಟಿದ್ದರು. ಹಾಗೆಲ್ಲ ಮಾಡಿದರೆ ಹೊಸ ಗಾರೆಯೂ ಉದುರುತ್ತದೆ, ವಾರಕ್ಕೆ ಮೂರು ದಿನವಾದರೂ ಈ ಒಲೆಯೂ ಉರಿಯಲೇಬೇಕು ಎಂದು ಅವಳು ಕಟ್ಟುನಿಟ್ಟಾಗಿ ಹೇಳಿದಳು.

ಕೂಡಲೇ ಅಲ್ಲೇ ಎರಡೂ ಮನೆಯವರ ಪಂಚಾಯಿತಿ ಸೇರಿತು. ಮೂರು ದಿನ ಎಲ್ಲರೂ ಇಲ್ಲಿ, ನಾಲ್ಕು ದಿನ ಅಲ್ಲಿ ಎಂದು ಡ್ರೈವರು. ಏಳನ್ನು ಎರಡರಿಂದ ಭಾಗಿಸಿದರೆ ಮೂರೂವರೆ, ಅದು ಹೇಗೆ ನಾಲ್ಕಾಯಿತು ಎಂದು ಟೀಚರು. ಡ್ರೈವರ ಮಗ ಜಮೀನು ಅಳೆಯುವವರ ಗಾಂಭೀರ್ಯದಿಂದ ಕ್ಯಾಲೆಂಡರು ಕೆಳಗಿಳಿಸಿ ಗೆರೆ ಎಳೆಯತೊಡಗಿದ. ಅವನ ಅಮ್ಮ ಮಗುವನ್ನು ಚಿಮಣಿಯಕ್ಕನ ತೊಡೆಯ ಮೇಲೆ ಹಾಕಿ, ಇವರದು ಈಗಲೇ ಮುಗಿಯುವುದಿಲ್ಲ, ಇಂದು ಈ ಒಲೆಯನ್ನು ನಾವೇ ಹಚ್ಚಿಬಿಡೋಣ ಎಂದು ಸೌದೆ ತರಲು ಎದ್ದಳು.