ಮಾಳಿಗೆಯ ಮೇಲಿನ ಮಾಲಕರು

ಬೀದರಿನ ಮೈಲೂರಿನಲ್ಲಿ ಅಂಜನಾಬಾಯಿ ಟೀಚರ ಮನೆ ಯಾವುದೆಂದು ಕೇಳಿದರೆ ಓಣಿಯ ಹಳಬರು ಈಗಲೂ ಒಂದು ಮನೆಯ ಮಾಳಿಗೆಯತ್ತ ಕೈ ತೋರಿಸುತ್ತಾರೆ. ಅವಳು ಕೆಳಗಿಳಿದು ಬಂದು ವರ್ಷಗಳೇ ಆದವು. ಆದರೂ ಓಣಿಯವರ ಲೆಕ್ಕದಲ್ಲಿ ಅವಳಿನ್ನೂ ಆ ಮಾಳಿಗೆಯ ಮೇಲಿನ ತಗಡಿನ ಕೋಣೆಯಲ್ಲೇ ಇದ್ದಾಳೆ. ಇದನ್ನು ಕೇಳಿದಾಗ ಅಂಜನಾಬಾಯಿಗೆ ನಗು ಬರುತ್ತದೆ, ಒಳಗೊಳಗೆ ಖುಷಿಯೂ ಆಗುತ್ತದೆ.

ಮನೆ ಅವಳದೇ. ಅವಳು ಮನ್ನಳ್ಳಿಯ ಸರಕಾರಿ ಶಾಲೆಯಲ್ಲಿ ಶಿಕ್ಷಕಿ. ಗಂಡ ಮಚ್ಛೇಂದ್ರ ಮೆಹಕರದವನು, ಭಾಲ್ಕಿಯ ಅಂಚೆ ಕಚೇರಿಯಲ್ಲಿ ಗುಮಾಸ್ತ. ಬೆಳಗಾದರೆ ಅವಳು ಬಸ್ಸು ಹತ್ತುವಳು, ಅವನು ಪ್ಯಾಸೆಂಜರ್ ರೈಲು ಹಿಡಿಯುವನು. ಇಬ್ಬರ ಸಂಬಳ ತೋರಿಸಿ ಬ್ಯಾಂಕಿನಲ್ಲಿ ಹದಿನೈದು ವರ್ಷದ ಸಾಲ ತೆಗೆದು 2013ರಲ್ಲಿ ಮನೆ ಕಟ್ಟಿಸಿದ್ದರು. ಹಾಲ್‌ನ ಗೋಡೆಗೆ ಬುದ್ಧನ ಫೋಟೊ, ಪಕ್ಕದಲ್ಲಿ ಬಾಬಾಸಾಹೇಬರದು. ಅಡುಗೆ ಮನೆಗೆ ಕಡಪಾ ಕಲ್ಲಿನ ಕಟ್ಟೆ. ಆ ಕಲ್ಲನ್ನು ಅಂಜನಾಬಾಯಿ ತಾನೇ ಅಂಗಡಿಗೆ ಹೋಗಿ, ಅಂಗೈಯಿಂದ ಸವರಿ ನೋಡಿ ಆರಿಸಿ ತಂದಿದ್ದಳು.

ಅವಳು ಹುಟ್ಟಿ ಬೆಳೆದದ್ದೆಲ್ಲ ಕಿರಾಯದ ಮನೆಗಳಲ್ಲಿ. ಅಪ್ಪನಿಗೆ ಕೋಟೆಯ ಹತ್ತಿರದ ಹಳೇ ಊರಿನಲ್ಲಿ ಸಣ್ಣ ಕೆಲಸ. ಮಾಲಕರ ಹೆಂಡತಿ ನಳಕ್ಕೆ ಬೀಗ ಹಾಕಿ ಕೀಲಿಯನ್ನು ಸೀರೆಯ ಚುಂಗಿಗೆ ಕಟ್ಟಿಕೊಂಡು ತಿರುಗುತ್ತಿದ್ದದ್ದು, ಮದುವೆಗೆಂದು ಊರಿಗೆ ಹೋಗಿ ಬರುವಷ್ಟರಲ್ಲಿ ಸಾಮಾನು ಹೊರಗಿಟ್ಟಿದ್ದದ್ದು, ಇವೆಲ್ಲ ಅವಳಿಗೆ ಚೆನ್ನಾಗಿ ನೆನಪಿದ್ದವು. ಹಾಗಾಗಿ ತನ್ನ ಮನೆಯ ಕಾಗದ ಬ್ಯಾಂಕಿನ ಕಪಾಟಿನಲ್ಲಿದೆ ಎಂಬ ಸಂಗತಿ ಅವಳಿಗೆ ನೆಮ್ಮದಿ ಕೊಡಲಿಲ್ಲ. ಕಂತು ತಪ್ಪದೆ ಕಟ್ಟಿದರೆ ಬ್ಯಾಂಕಿನವರು ಯಾಕೆ ಹೊರಹಾಕುತ್ತಾರೆ ಎಂದು ಮಚ್ಛೇಂದ್ರ ಎಷ್ಟು ಸಲ ಹೇಳಿದರೂ, ಗಿರವಿ ಇಟ್ಟ ಮನೆಯಲ್ಲಿ ತನಗೆ ನಿದ್ದೆ ಹತ್ತುವುದಿಲ್ಲ ಎಂದೇ ಅವಳು ಹೇಳುತ್ತಿದ್ದಳು.

ಉಪಾಯ ಅವಳದೇ. ನೀರಿನ ಟಾಕಿಯ ಪಕ್ಕ ಸಾಮಾನು ಇಡಲೆಂದು ಮಾಡಿಸಿದ್ದ ತಗಡಿನ ಕೋಣೆಗೆ ತಾವು ಹೋಗುವುದು, ಕೆಳಗಿನ ಮನೆ ಕಿರಾಯಕ್ಕೆ ಕೊಡುವುದು, ಬಂದ ಕಿರಾಯವನ್ನೆಲ್ಲ ಕಂತಿನ ಮೇಲೆ ಹೆಚ್ಚುವರಿಯಾಗಿ ಕಟ್ಟಿ ಅಸಲನ್ನು ಕರಗಿಸುವುದು. ಮಚ್ಛೇಂದ್ರ ಮೊದಲು ನಕ್ಕ. ಅವಳು ನಗದೇ ನಿಂತಿದ್ದನ್ನು ನೋಡಿ ಒಪ್ಪಿಕೊಂಡ. ಹೊಸ ಮನೆಯಲ್ಲಿ ಒಂದು ವರ್ಷವೂ ತುಂಬಿರಲಿಲ್ಲ, ಹಾಸಿಗೆ, ಪಾತ್ರೆ ಭಾಂಡೆ ಹೊತ್ತುಕೊಂಡು, ಎಂಟನೇ ಕ್ಲಾಸಿನ ಮಗಳು ಪ್ರಜ್ಞಾಳ ಜೊತೆ ಮೂವರೂ ಮೆಟ್ಟಿಲು ಹತ್ತಿದರು.

ಕೆಳಗೆ ಬಂದವರು ಔರಾದ ತಾಲ್ಲೂಕಿನ ಠಾಣಾ ಕುಶನೂರಿನವರು, ಶಿವರಾಜಪ್ಪ ಮತ್ತು ರುಕ್ಮಿಣಿಬಾಯಿ. ಊರಿನಲ್ಲಿ ಅವರದು ಕಿರಾಣಿ ಅಂಗಡಿ. ಮಳೆ ಕೈಕೊಟ್ಟು ತೊಗರಿ ಸೋಯಾ ಒಣಗಿದಾಗ ಗಿರಾಕಿಗಳು ಮನೆಗೆ ಬೀಗ ಹಾಕಿ ಹೈದರಾಬಾದಿಗೆ, ಪುಣೆಗೆ ಹೊರಟರು. ಕೊಳ್ಳುವವರಿಲ್ಲದ ಅಂಗಡಿಯನ್ನು ಶಿವರಾಜಪ್ಪನೂ ಮುಚ್ಚಿದ. ಅವ್ವನನ್ನು ಊರಲ್ಲೇ ಬಿಟ್ಟು, ಮಗಳು ನೀಲಾಂಬಿಕಾಳ ಶಾಲೆಗೂ ಅನುಕೂಲವೆಂದು ಬೀದರಿಗೆ ಬಂದು, ಕಾಳುಕಡಿಯ ಪೇಟೆಯಾದ ಗಂಜಿನ ಅಡತಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಮನೆ ನೋಡಲು ಬಂದ ದಿನ ಹಾಲ್‌ನಲ್ಲಿದ್ದ ಫೋಟೊಗಳನ್ನು ನೋಡಿ ಅವನು ಕೈ ಮುಗಿದ. ರುಕ್ಮಿಣಿಬಾಯಿ ಬಾಗಿಲಲ್ಲೇ ನಿಂತಿದ್ದಳು. ಲಿಂಗವಂತರಿಗೆ ಜಾತಿ ಎಲ್ಲಿಂದ ಬಂತು ಎಂದು ಗಂಡ ಅವಳಿಗೆ ಮೆಲ್ಲಗೆ ಹೇಳಿದ್ದು ಅಂಜನಾಬಾಯಿಯ ಕಿವಿಗೂ ಬಿತ್ತು.

ತಗಡಿನ ಕೋಣೆಯ ಬದುಕು ಹೀಗೆ ಶುರುವಾಯಿತು. ಮಚ್ಛೇಂದ್ರ ಸ್ಟೇಷನ್ನಿನಿಂದ ಆಟೊ ಹಿಡಿಯುವುದನ್ನು ಬಿಟ್ಟು ನಡೆದು ಬರತೊಡಗಿದ. ಅಂಜನಾಬಾಯಿ ಹಳೇ ಸೀರೆಗಳಿಗೆ ಫಾಲ್ ಬದಲಿಸಿ ಉಟ್ಟಳು. ಆದರೆ ಮಚ್ಛೇಂದ್ರನದು ಖರ್ಚಿನ ಕೈ. ಪಗಾರದ ದಿನ ಭಾಲ್ಕಿಯಿಂದ ಜಿಲೇಬಿ ತಂದು, ಹೆಂಡತಿ ಬೈದಾಳೆಂದು ಮೆಟ್ಟಿಲ ಮೇಲೆಯೇ ಮಗಳ ಕೈಗೆ ದಾಟಿಸುತ್ತಿದ್ದ. ಮೆಹಕರದ ಅಣ್ಣನ ಮಗಳ ಮದುವೆಗೆ ಹೇಳದೆ ಕೇಳದೆ ದೊಡ್ಡ ಉಡುಗೊರೆ ಕೊಟ್ಟು ಆಹೇರಿ ಮಾಡಿ ಬಂದಾಗ ಅಂಜನಾಬಾಯಿ ವಾರವಿಡೀ ಮಾತು ಬಿಟ್ಟಳು. ಕೊನೆಗೆ ಅದೇ ಹುಡುಗಿ ಗಂಡನ ಜೊತೆ ಕಾಲಿಗೆ ಬೀಳಲು ಬಂದಾಗ ತಾನೇ ಪೇಟೆಗೆ ಹೋಗಿ ಅವಳಿಗೊಂದು ಸೀರೆ ತಂದಳು. ಆ ತಿಂಗಳು ಬ್ಯಾಂಕಿಗೆ ಹೆಚ್ಚಿನದೇನೂ ಹೋಗಲಿಲ್ಲ.

ಕೆಳಗಿನವರು ಸಭ್ಯ ಜನ. ತಿಂಗಳ ಮೊದಲ ವಾರಕ್ಕೆ ಕಿರಾಯ ಬರುತ್ತಿತ್ತು. ಆದರೆ ರುಕ್ಮಿಣಿಬಾಯಿ ಮೇಲೆ ಹತ್ತಿ ಬಂದವಳಲ್ಲ. ಮಾತಾಡಿದರೂ ಅಂಗಳದಲ್ಲಿ ನಿಂತು, ಮೇಡಂ ಎಂದು. ಮರುವರ್ಷ ಬುದ್ಧ ಪೂರ್ಣಿಮೆಗೆ ಅಂಜನಾಬಾಯಿ ಖೀರು ಮಾಡಿ ಪ್ರಜ್ಞಾಳ ಕೈಯಲ್ಲಿ ಕೆಳಗೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಒಣ ಹಾಕಿದ ಬಟ್ಟೆ ತೆಗೆಯಲು ಮಾಳಿಗೆಯ ಅಂಚಿಗೆ ಹೋದವಳಿಗೆ, ಹಿತ್ತಿಲ ಗೋಡೆಯಾಚೆ ಹಾಲಿನ ಗುಲಾಮ ರಸೂಲನ ಎಮ್ಮೆಯ ಮುಂದೆ ರುಕ್ಮಿಣಿಬಾಯಿ ಡಬ್ಬಿ ಬಗ್ಗಿಸುತ್ತಿದ್ದದ್ದು ಕಂಡಿತು. ಸಂಜೆ ಡಬ್ಬಿ ಥಳಥಳ ತೊಳೆದು ವಾಪಸು ಬಂತು. ಅಂಜನಾಬಾಯಿ ಅದನ್ನು ಗೂಡಿನಲ್ಲಿಟ್ಟಳು. ಗಂಡನಿಗೂ ಹೇಳಲಿಲ್ಲ.

ಆ ವರ್ಷವೂ ಮಳೆ ಬರಲಿಲ್ಲ. 2016ರ ಶಿವರಾತ್ರಿಯ ಹೊತ್ತಿಗೆ ಬೋರು ಬತ್ತಿ ಬರೀ ಗಾಳಿ ಉಗುಳತೊಡಗಿತು. ನಳದ ನೀರು ಹದಿನೈದು ದಿನಕ್ಕೊಮ್ಮೆ. ಎರಡೂ ಮನೆಯವರು ಸೇರಿ ಟ್ಯಾಂಕರ್ ತರಿಸಿ ಕೊಡ ಲೆಕ್ಕದಲ್ಲಿ ಹಂಚಿಕೊಂಡರು. ಗಂಜಿಗೆ ಕಾಳಿನ ಚೀಲಗಳು ಬರುವುದು ನಿಂತು ಅಡತಿಯವ ಶಿವರಾಜಪ್ಪನನ್ನು ಬಿಡಿಸಿದ. ಅವನು ಹೈದರಾಬಾದಿನ ಬೇಗಂ ಬಜಾರಿನಲ್ಲಿ ಒಂದು ಅಂಗಡಿಗೆ ಸೇರಿ ಅಲ್ಲಿಯೇ ಉಳಿದ. ಮೆಹಕರದಿಂದ ಮಚ್ಛೇಂದ್ರನ ಅಣ್ಣನೂ ಪುಣೆಗೆ ಹೋದ. ಕೆಳಗಿನಿಂದ ಎರಡು ತಿಂಗಳ ಕಿರಾಯ ಬರಲಿಲ್ಲ. ಅಷ್ಟರಲ್ಲಿ ರಸ್ತೆ ಕೆಲಸದ ಗುತ್ತೇದಾರನೊಬ್ಬ ಬಂದು ಮನೆ ನೋಡಿದ. ಹೆಚ್ಚು ಕಿರಾಯ, ಮೇಲೆ ವರ್ಷದ ಹಣ ಮುಂಗಡ ಕೊಡುತ್ತೇನೆಂದ. ರುಕ್ಮಿಣಿಬಾಯಿಗೆ ಹೇಳುವುದು ನಿನ್ನ ಕೆಲಸ, ನನ್ನಿಂದಾಗದು ಎಂದ ಮಚ್ಛೇಂದ್ರ. ಅಂಜನಾಬಾಯಿ ಹೇಳಬೇಕಾದ ಮಾತನ್ನು ಮನ್ನಳ್ಳಿಯ ಬಸ್ಸಿನಲ್ಲಿ ಕೂತು ಹೊಂದಿಸಿಕೊಂಡಳು.

ಅಂದು ಸಂಜೆ ಅವಳು ತನ್ನದೇ ಅಡುಗೆ ಮನೆಯ ಬಾಗಿಲಲ್ಲಿ, ಬಹಳ ದಿನಗಳ ಮೇಲೆ, ನಿಂತಳು. ರುಕ್ಮಿಣಿಬಾಯಿ ರೊಟ್ಟಿ ತಟ್ಟುತ್ತಿದ್ದಳು. ಮೂಲೆಯಲ್ಲಿ ಎರಡು ಕೊಡ, ಒಂದು ಬೋರಲು ಹಾಕಿದ್ದು. ಕಟ್ಟೆಯ ಮೇಲೆ ಶೇಂಗಾ ಹಿಂಡಿಯ ಬಟ್ಟಲು ಬಿಟ್ಟರೆ ಬೇರೇನೂ ಇಲ್ಲ. ಆದರೆ ಕಡಪಾ ಕಲ್ಲು ಎಣ್ಣೆ ಒರೆಸಿದಂತೆ ಹೊಳೆಯುತ್ತಿತ್ತು.

"ಗೊತ್ತದರಿ ಮೇಡಂ," ತಲೆ ಎತ್ತದೆಯೇ ರುಕ್ಮಿಣಿಬಾಯಿ ಅಂದಳು. "ಹುಡುಗಿ ಪರೀಕ್ಷಾ ಮುಗಿಯೋತನ ಇರ್ತೇವ್ರಿ. ಆಮ್ಯಾಲ ಖಾಲಿ ಮಾಡ್ತೇವ್ರಿ."

ಅಂಜನಾಬಾಯಿ ಹೊಂದಿಸಿಕೊಂಡು ಬಂದ ಮಾತು ಬಾಯಿಗೆ ಬರಲಿಲ್ಲ. ಬಂದದ್ದು ಬೇರೆ.

"ಮ್ಯಾಲ ಒಂದು ಒಲಿ, ಕೆಳಗ ಒಂದು ಒಲಿ. ಇರೋ ಒಂದ್ ಟ್ಯಾಂಕರ್ ನೀರಾಗ ಎರಡು ಕಡಿ ಭಾಂಡೆ ತಿಕ್ಕಲತ್ತೀವಿ. ಒಂದೇ ಕಡಿ ಅಡಗಿ ಮಾಡಿದ್ರ ಹ್ಯಾಂಗ?"

ರುಕ್ಮಿಣಿಬಾಯಿಯ ಕೈ ನಿಂತಿತು. ತವೆಯ ಮೇಲಿನ ರೊಟ್ಟಿಯ ಅಂಚು ಕಪ್ಪಾಗತೊಡಗಿತು.

"ನೀವು ಹೋದ ವರ್ಷ ಕಳಿಸಿದ ಖೀರು ನಾವು ತಿನ್ನಲಿಲ್ಲರಿ. ಎಮ್ಮಿಗಿ ಹಾಕ್ದೆ."

"ನೋಡೀನಿ. ಮ್ಯಾಲ ನಿಂತಿದ್ದೆ."

"ನೋಡಿನೂ ಒಂದ್ ಮಾತ ಕೇಳಲಿಲ್ಲಲ್ರಿ ಯಾಕ?"

"ಹ್ಯಾಂಗ ಕೇಳ್ಲಿ? ನನಗ ಕಿರಾಯ ಬೇಕಾಗಿತ್ತು."

ರುಕ್ಮಿಣಿಬಾಯಿ ಸುಟ್ಟ ರೊಟ್ಟಿ ತೆಗೆದು ಪಕ್ಕಕ್ಕಿಟ್ಟಳು. ಮತ್ತೆ ಹಿಟ್ಟು ನಾದತೊಡಗಿದಳು. ಆಮೇಲೆ ಮಾಂಸದ ಅಡುಗೆ ಮಾತ್ರ ಈ ಒಲೆಯ ಮೇಲೆ ಬೇಡ ಎಂದಳು. ಅದು ಮೇಲಿನ ಒಲೆಯ ಮೇಲೇ ಆಗುತ್ತದೆ, ಆ ಭಾಂಡೆಯೂ ಕೆಳಗೆ ಬರುವುದಿಲ್ಲ ಎಂದಳು ಅಂಜನಾಬಾಯಿ. ಅಷ್ಟಕ್ಕೆ ಒಪ್ಪಂದವಾಯಿತು. ನಿಜ ಹೇಳಬೇಕೆಂದರೆ, ದಯೆಯಿಂದಷ್ಟೇ ಆ ಮಾತು ಬಂದದ್ದಲ್ಲ. ಗ್ಯಾಸು ನೀರು ಉಳಿಯುವ ಲೆಕ್ಕವೂ ಇತ್ತು. ತಾನೇ ಆರಿಸಿ ತಂದ ಆ ಕಲ್ಲಿನ ಮೇಲೆ ಒಮ್ಮೆಯಾದರೂ ಕೈ ಆಡಿಸುವ ಆಸೆಯೂ ಇತ್ತು.

ಗುತ್ತೇದಾರನಿಗೆ ಇಲ್ಲವೆಂದು ಹೇಳಿ ಕಳಿಸಿದ ಮಚ್ಛೇಂದ್ರ, ಈ ವರ್ಷ ಬ್ಯಾಂಕಿಗೆ ಬರೀ ಕಂತೇ ಗತಿ ಎಂದು ಹೆಂಡತಿಗೆ ನೆನಪಿಸಿದ. ಗೊತ್ತು ಎಂದಳು ಅವಳು. ಹಾಗೆ ಅಂದರೂ ಒಂದೆರಡು ವಾರ ಅವಳ ಮುಖ ಬಿಗಿದೇ ಇತ್ತು.

ಆ ಬೇಸಿಗೆಯನ್ನು ನೆನೆದರೆ ಅಂಜನಾಬಾಯಿಗೆ ಈಗ ನೀರಿನ ತಾಪತ್ರಯ ಮೊದಲು ನೆನಪಾಗುವುದಿಲ್ಲ. ಬೆಳಗಿನ ಅಡುಗೆ ಮನೆ ನೆನಪಾಗುತ್ತದೆ. ರುಕ್ಮಿಣಿಬಾಯಿ ರೊಟ್ಟಿಗೆ ಕೂತರೆ ಇವಳು ಪಲ್ಲೆಗೆ ನಿಲ್ಲುವಳು. ಖಾರ ಯಾರದು ಹೆಚ್ಚು ಎಂದು ಕೊಸರಾಟ. ರುಕ್ಮಿಣಿಬಾಯಿ ಕಟ್ಟಿದ ಬುತ್ತಿ ಒಂದು ಮನ್ನಳ್ಳಿಗೆ, ಒಂದು ಭಾಲ್ಕಿಗೆ. ಅಂಚೆ ಕಚೇರಿಯಲ್ಲಿ ಗೆಳೆಯರು ತನ್ನ ಡಬ್ಬಿಗೇ ಕೈ ಹಾಕುತ್ತಾರೆಂದು ಮಚ್ಛೇಂದ್ರ ದೂರುತ್ತ, ನಾಳೆಯಿಂದ ಎರಡು ರೊಟ್ಟಿ ಹೆಚ್ಚಿಗೆ ಇಡಿ ಎನ್ನುತ್ತಿದ್ದ. ಹಿಂದೆ ಮುಚ್ಚಿಟ್ಟು ತರುತ್ತಿದ್ದ ಜಿಲೇಬಿಯನ್ನು ಈಗ ರಾಜಾರೋಷವಾಗಿ ತರತೊಡಗಿದ, ಎರಡು ಮನೆಯ ಮಕ್ಕಳಿಗೆ ತಂದದ್ದನ್ನು ಬೈಯುವಂತಿರಲಿಲ್ಲ. ತಗಡು ಕಾದು ಒಳಗೆ ಮಲಗಲಾಗದೆ ಎಲ್ಲರೂ ಮಾಳಿಗೆಯ ಮೇಲೆ ಚಾಪೆ ಹಾಸುತ್ತಿದ್ದರು. ಪ್ರಜ್ಞಾ ನೀಲಾಂಬಿಕಾಳಿಗೆ ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡಿಸುವಳು. ರುಕ್ಮಿಣಿಬಾಯಿ ಕುಶನೂರಿನ ಅಂಗಡಿಯ ಕಥೆಗಳನ್ನು ಹೇಳುವಳು, ಯಾರು ಚಹಾಪುಡಿ ಸಾಲ ಒಯ್ದು ಮುಖ ತಪ್ಪಿಸುತ್ತಿದ್ದರು, ಯಾರು ತೂಕದ ಕಲ್ಲನ್ನೇ ಅನುಮಾನದಿಂದ ಕೈಯಲ್ಲೆತ್ತಿ ನೋಡುತ್ತಿದ್ದರು ಎಂದು. ಯಾವ ದಿನ ಮೇಡಂ ಹೋಗಿ ಅಕ್ಕ ಬಂತೋ ಇಬ್ಬರಿಗೂ ತಿಳಿಯಲಿಲ್ಲ.

ಒಂದು ಶನಿವಾರ ಶಿವರಾಜಪ್ಪ ಹೈದರಾಬಾದಿನಿಂದ ಬಂದಾಗ ಐವರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂತಿದ್ದರು. ಅವನು ಹೆಂಡತಿಯ ಮುಖ ನೋಡಿದ. ಅವಳು ಇನ್ನೊಂದು ತಾಟು ಇಟ್ಟಳು. ಶಿವರಾಜಪ್ಪ ಕೈಕಾಲು ತೊಳೆದುಕೊಳ್ಳಲು ಅರ್ಧ ತಂಬಿಗೆ ನೀರು ಮಾತ್ರ ಬಳಸಿ, ಬಂದು ಮಚ್ಛೇಂದ್ರನ ಪಕ್ಕ ಕೂತ.

ಆ ವರ್ಷ ಮಳೆಗಾಲದ ಕೊನೆಗೆ ಬೀದರಿಗೆ ಮಳೆ ಸುರಿಯಿತು. ತಗಡಿನ ಮೇಲೆ ಅದರ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಬೋರಿಗೆ ನೀರು ಬಂತು, ಗಂಜಿಗೆ ತೊಗರಿ ಬಂತು, ಶಿವರಾಜಪ್ಪ ಹಿಂದಿನ ಕೆಲಸಕ್ಕೆ ಮರಳಿದ. ಬಾಕಿ ಕಿರಾಯವನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟು ಮುಗಿಸಿದ. ಎರಡು ಒಲೆ ಮತ್ತೆ ಹೊತ್ತಿಸಬೇಕೆಂದು ಯಾರೂ ಎತ್ತಿ ಆಡಲಿಲ್ಲ. ಹಾಗೆಯೇ ಎರಡು ವರ್ಷ ನಡೆಯಿತು.

2019ರ ಜನವರಿಯಲ್ಲಿ ಸಾಲ ತೀರಿತು. ಗಂಡ ಹೆಂಡತಿ ಇಬ್ಬರೂ ರಜೆ ಹಾಕಿ ಬ್ಯಾಂಕಿಗೆ ಹೋದರು. ಅಲ್ಲಿಯ ಗುಮಾಸ್ತ ಎರಡು ಕಡೆ ಸಹಿ ಹಾಕಿಸಿಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಮನೆಯ ಕಾಗದಗಳನ್ನು ಕೊಟ್ಟು, ಮುಂದಿನವರನ್ನು ಕರೆದ. ಇಷ್ಟೇ ಏನು ಎಂಬಂತೆ ಇಬ್ಬರೂ ಸ್ವಲ್ಪ ಹೊತ್ತು ಅಲ್ಲೇ ನಿಂತರು. ಹೊರಗೆ ಬಂದು ಮಚ್ಛೇಂದ್ರ ಆಟೊ ಕರೆದ. ಅಂಜನಾಬಾಯಿ ಬೇಡವೆನ್ನಲಿಲ್ಲ. ದಾರಿಯುದ್ದಕ್ಕೂ ಚೀಲವನ್ನು ಎದೆಗವಚಿಕೊಂಡು ಕೂತಿದ್ದಳು.

ಮಾರ್ಚ್ ಮುಗಿಯುವ ಹೊತ್ತಿಗೆ ಕೆಳಗಿನವರು ಹೊರಟರು. ಕುಶನೂರಿಗೆ ಅರ್ಧ ಜನ ಮರಳಿದ್ದರು, ಶಿವರಾಜಪ್ಪನಿಗೆ ಅಂಗಡಿ ತೆರೆಯುವ ತವಕ. ಇನ್ನೊಂದು ವರ್ಷ ಇದ್ದು ಹೋಗಿ ಎಂದು ಅಂಜನಾಬಾಯಿ ಕೇಳಿದಳು.

"ಐದು ವರ್ಷ ಮಾಲಕರು ಮ್ಯಾಲ ಇದ್ದೀರಿ," ಎಂದಳು ರುಕ್ಮಿಣಿಬಾಯಿ. "ಇನ್ನರ ಕೆಳಗ ಬರ್ರಿ ಅಕ್ಕಾ."

ಟೆಂಪೊ ತಿರುವಿನಲ್ಲಿ ಮರೆಯಾದ ಮೇಲೂ ಪ್ರಜ್ಞಾ ಗೇಟಿನ ಹತ್ತಿರವೇ ನಿಂತಿದ್ದಳು.

ಮೂವರೂ ಇಳಿದು ಬಂದಾಗ ಕೆಳಗಿನ ಮನೆ ದೊಡ್ಡದಾಗಿ ಕಂಡಿತು. ಕೈಯಲ್ಲಿ ಉಳಿಯತೊಡಗಿದ ಹಣವನ್ನು ಏನು ಮಾಡಬೇಕೆಂದು ಇಬ್ಬರಿಗೂ ಅಂದಾಜಾಗಲಿಲ್ಲ. ಮಚ್ಛೇಂದ್ರ ಸೋಫಾ ತಂದ, ಹೊಸ ಫ್ರಿಜ್ ತಂದ. ಅಂಜನಾಬಾಯಿ ಸೀರೆ ಕೊಂಡಳು. ಮೂವರಿಗೆ ಅಡುಗೆ ಮಾಡಲು ಕೈ ಒಗ್ಗಲಿಲ್ಲ, ದಿನಾ ಪಲ್ಲೆ ಮಿಗುತ್ತಿತ್ತು. ಮಚ್ಛೇಂದ್ರನ ಡಬ್ಬಿಗೆ ಈಗ ಯಾರೂ ಕೈ ಹಾಕುತ್ತಿರಲಿಲ್ಲ.

ಆ ವರ್ಷ ದಸರೆಯ ರಜೆಯಲ್ಲಿ ಅವಳೊಬ್ಬಳೇ ಔರಾದ ಬಸ್ಸು ಹಿಡಿದು ಠಾಣಾ ಕುಶನೂರಿಗೆ ಹೋದಳು. ಅಂಗಡಿಗೆ ಹೊಸ ಬಣ್ಣ ಬಳಿದಿದ್ದರು. ಶಿವರಾಜಪ್ಪ ಗಿರಾಕಿಗಳನ್ನು ಬಿಟ್ಟು ಎದ್ದು ಬಂದು, ಮನೆಯವರೆಗೆ ಕರೆದುಕೊಂಡು ಹೋದ. ಅವನ ಅವ್ವ ವಿಮಲಾಬಾಯಿ ಹೊಸ್ತಿಲಲ್ಲಿ ಕೂತಿದ್ದಳು. ಯಾವೂರು, ಯಾರ ಪೈಕಿ ಎಂದೆಲ್ಲ ವಿಚಾರಿಸಿ, ಹೊರಗಿನ ಕಟ್ಟೆಯ ಮೇಲೆ ಚಾಪೆ ಹಾಸಿಸಿ, ಇಲ್ಲಿ ಗಾಳಿ ಚೆಂದ ಬರುತ್ತದೆ ಎಂದಳು. ಅಂಜನಾಬಾಯಿ ಕೂತಳು. ಇಂಥ ಗಾಳಿ ಅವಳಿಗೆ ಹೊಸದಲ್ಲ. ಶಿವರಾಜಪ್ಪ ತಲೆ ತಗ್ಗಿಸಿ ಅಂಗಡಿಯ ಕಡೆ ಹೊರಟುಹೋದ.

ಒಳಗಿನಿಂದ ರುಕ್ಮಿಣಿಬಾಯಿ ಊಟದ ತಾಟು ತಂದು ಮುಂದಿಟ್ಟಳು. ರೊಟ್ಟಿ, ಪುಂಡಿ ಪಲ್ಲೆ, ಹಿಂಡಿ, ಮೊಸರು. ಒಳಗೆ ಹೋದವಳು ಇನ್ನೊಂದು ತಾಟು ಹಿಡಿದು ಬಂದು, ಸೆರಗು ಸರಿಪಡಿಸಿಕೊಂಡು ಅದೇ ಚಾಪೆಯ ಮೇಲೆ ಕೂತಳು. ಅತ್ತೆ ಕರೆದಳು. ಇವಳು ಓಗೊಡಲಿಲ್ಲ.

"ಅತ್ತೀಗಿ ತಿಳಿಸಲಾಕ ನನ್ನಿಂದ ಆಗಲಿಲ್ಲರಿ ಅಕ್ಕಾ," ಎಂದಳು ಮೆಲ್ಲಗೆ. "ನಾನರ ಹೊರಗ ಬರಬಹುದಲ್ಲ."

ಅಂಜನಾಬಾಯಿ ತನ್ನ ತಾಟಿನ ಹಿಂಡಿಯಲ್ಲಿ ಅರ್ಧ ಎತ್ತಿ ಅವಳ ತಾಟಿಗೆ ಹಾಕಿದಳು. ಖಾರ ಹೆಚ್ಚಾಗಿದೆ ಎಂದು ದೂರಿದಳು. ದಾರಿಯಲ್ಲಿ ಹೋಗುವ ಹೆಂಗಸರು ನಿಂತು ನೋಡಿ ಮುಂದೆ ಹೋದರು. ಪ್ರಜ್ಞಾ ಕಾಲೇಜಿನಲ್ಲಿ ಏನು ಓದುತ್ತಾಳೆ, ಮಾಳಿಗೆಯ ಕೋಣೆಯಲ್ಲಿ ಈಗ ಏನಿದೆ, ಗುಲಾಮ ರಸೂಲ ಹಾಲಿಗೆ ಇನ್ನೂ ನೀರು ಬೆರೆಸುತ್ತಾನೋ ಎಂದೆಲ್ಲ ರುಕ್ಮಿಣಿಬಾಯಿ ಕೇಳುತ್ತಲೇ ಇದ್ದಳು. ಮಾತಿನಲ್ಲಿ ಬಸ್ಸಿನ ಹೊತ್ತು ಮರೆತೇ ಹೋಯಿತು. ದೂರದ ತಿರುವಿನಲ್ಲಿ ಬಸ್ಸಿನ ಧೂಳೆದ್ದದ್ದು ಕಂಡಾಗ, ರುಕ್ಮಿಣಿಬಾಯಿ ತಾಟು ಸರಿಸಿ ಎದ್ದು, ಎಂಜಲು ಕೈಯನ್ನೇ ಮೇಲೆತ್ತಿ ಬೀಸುತ್ತ ರಸ್ತೆಗೆ ಓಡಿದಳು.